ಬಾಗಿನಕ್ಕೊಬ್ಬ ನಂಬಿಗಸ್ತ

ಮಗಳಿಗೆ ಗಂಡು ಗೊತ್ತು ಮಾಡುವುದಕ್ಕೆ ನಮ್ಮ ಸೋದರಮಾವ ತೆಗೆದುಕೊಂಡದ್ದು ಒಂದೇ ಒಂದು ಮಧ್ಯಾಹ್ನ. ಹುಡುಗ ಬಂದ, ಉಪ್ಪಿಟ್ಟು ತಿಂದ, ತಟ್ಟೆಯನ್ನು ತಾನೇ ಎತ್ತಿಟ್ಟ. "ಆಗ್ಬೋದು" ಅಂದುಬಿಟ್ಟ ಮಾವ. ಅದೇ ಮನುಷ್ಯ ಎರಡು ಬಿದಿರಿನ ಮೊರಗಳನ್ನು ಹೊಂಗಡಹಳ್ಳದಿಂದ ಕುಂದೂರಿಗೆ ಸಾಗಿಸಲು ಒಬ್ಬ ನಂಬಿಗಸ್ತನನ್ನು ಹುಡುಕುವುದಕ್ಕೆ ಪ್ರತಿ ವರ್ಷ ಎರಡು ತಿಂಗಳು ತೆಗೆದುಕೊಳ್ಳುತ್ತಿದ್ದ! ಅಳಿಯ ಕೈಕೊಟ್ಟರೆ ಮಗಳು ತಾನಾಗಿ ವಾಪಸು ಬರುತ್ತಾಳೆ, ದಾರಿಯಲ್ಲಿ ಕಳೆದುಹೋದ ಮೊರ ತಾನಾಗಿ ಬರುತ್ತದೆಯೇ ಎಂಬುದು ಅವನ ವಾದ. ಈ ವಾದವನ್ನು ಅವನು ಅಳಿಯನ ಎದುರಿಗೇ ಮಂಡಿಸಿದ್ದಕ್ಕೂ, ಅಳಿಯ ಅದನ್ನು ಕೇಳಿಸಿಕೊಂಡೂ ಎರಡನೇ ಲೋಟ ಕಾಫಿ ಕುಡಿದದ್ದಕ್ಕೂ ನಾನೇ ಸಾಕ್ಷಿ.

ಮೊರ ಎಂದೆನಲ್ಲ, ಅದು ರಾಗಿ ಕೇರುವ ಮೊರವಲ್ಲ. ಗೌರಿ ಹಬ್ಬದ ಬಾಗಿನ. ಒಂದು ಮೊರದಲ್ಲಿ ಅಕ್ಕಿ, ತೊಗರಿಬೇಳೆ, ಅಚ್ಚುಬೆಲ್ಲ, ಅರಿಶಿನ ಕುಂಕುಮ, ರವಿಕೆ ಬಟ್ಟೆ, ಕನ್ನಡಿ, ಬಾಚಣಿಗೆ, ಹಸಿರು ಗಾಜಿನ ಬಳೆ ಎಲ್ಲ ಜೋಡಿಸಿ, ಇನ್ನೊಂದು ಮೊರವನ್ನು ಅದರ ಮೇಲೆ ಕವುಚಿ, ದಾರ ಸುತ್ತಿ, ತವರಿನವರು ಮದುವೆಯಾದ ಹೆಣ್ಣುಮಗಳಿಗೆ ಕೊಡುವುದು. ಮಾವನಿಗೆ ಇದ್ದವಳು ಒಬ್ಬಳೇ ಅಕ್ಕ, ನನ್ನ ಅಮ್ಮ. ಮಾವನ ಮನೆ ಹೊಂಗಡಹಳ್ಳದ ಹತ್ತಿರ. ಅಮ್ಮನದು ಆಲೂರು ದಾಟಿ, ಕುಂದೂರಿನ ಪಕ್ಕದ ಹಳ್ಳಿ. ತಮ್ಮನಾದವನು ಬಾಗಿನವನ್ನು ಖುದ್ದಾಗಿ ತಂದು ಅಕ್ಕನ ಕೈಗೆ ಕೊಡಬೇಕು, ಅದು ಪದ್ಧತಿ. ಆದರೆ ಮಾವ ಹೋಗುವ ಹಾಗಿರಲಿಲ್ಲ. ನನ್ನ ತಂಗಿಯ ಮದುವೆಯ ಕಾಲದಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಮಾತು ಬಿಟ್ಟವನು ಬಾಗಿನವನ್ನೂ ಬಿಡಬಹುದಿತ್ತಲ್ಲ? ಹಾಗಂತ ಒಂದು ಸಲ ಕೇಳಿ ಚೆನ್ನಾಗಿ ಬೈಸಿಕೊಂಡೆ.

"ಏನ್ ಮಾತು ಅಂತ ಆಡ್ತೀಯವ್ವ! ಮುನಿಸ್ಕೊಂಡಿರೋದು ನಾನು. ತವರು ಮನೆ ಮುನಿಸ್ಕೊಂಡೈತಾ? ಹಬ್ಬದ ಹೊತ್ಗೆ ಬಾಗಿನ ಕೈ ಸೇರ್ಲಿಲ್ಲ ಅಂದ್ರೆ ನಿಮ್ಮವ್ವ ತವರೇ ಮುಚ್ಚೋಯ್ತು ಅಂದ್ಕೊಂಡು ಕೂತ್ಕತಾಳೆ."

ಹಾಗಾಗಿ ಹೋಗುವಂತಿಲ್ಲ, ಕಳಿಸದೆ ಇರುವಂತೆಯೂ ಇಲ್ಲ. ಬಾಗಿನ ಮಾತ್ರ ಹಬ್ಬದೊಳಗೆ, ಒಂದು ಬಳೆಯೂ ಒಡೆಯದೆ, ಅಕ್ಕನ ಕೈಗೇ ಸೇರಬೇಕು. ಇದಕ್ಕೆ ಬೇಕಾದ ಮನುಷ್ಯ ಯಾರು?

ಮನುಷ್ಯರನ್ನು ಆರಿಸುವುದರಲ್ಲಿ ಮಾವನಿಗೆ ತನ್ನ ಮೇಲೆ ಬಹಳ ನಂಬಿಕೆ. ಆಯುಷ್ಯವೆಲ್ಲ ಅವನು ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಕೂಲಿಯವರ ಲೈನ್ ಮನೆಗಳ ಮುಂದೆ ನಿಂತರೆ, ಬಂದವರ ಮುಖ ನೋಡಿಯೇ ಇವತ್ತು ಯಾರು ಕಾಫಿ ಕುಯ್ಯುತ್ತಾರೆ, ಯಾರು ಗಿಡದ ಮರೆಯಲ್ಲಿ ಎಲೆ ಅಡಿಕೆ ಹಾಕುತ್ತಾರೆ ಎಂದು ಹೇಳುತ್ತಿದ್ದನಂತೆ. ಈಗ ತನ್ನದೇ ಎರಡು ಎಕರೆ ತೋಟ ನೋಡಿಕೊಂಡಿದ್ದರೂ ಹಾಜರಿ ತೆಗೆದುಕೊಳ್ಳುವ ಚಟ ಹೋಗಿರಲಿಲ್ಲ. ನಮ್ಮ ಕಡೆ ಪಾರ್ಸೆಲ್ ಎಂದರೆ ಬಸ್ಸು. ಡ್ರೈವರಿಗೋ ಕಂಡಕ್ಟರಿಗೋ ಕೊಟ್ಟು, ಆ ಕಡೆಯವರಿಗೆ ಫೋನು ಮಾಡಿದರೆ ಮುಗಿಯಿತು. ಕರಿಮೆಣಸಿನ ಬಳ್ಳಿ, ಅಜ್ಜನ ಕನ್ನಡಕ, ಮಗುವಿನ ಜ್ವರದ ಔಷಧಿ ಎಲ್ಲ ಹೀಗೇ ಓಡಾಡುತ್ತವೆ. ಮಾವ ಮಾತ್ರ ಆಷಾಢದಲ್ಲೇ ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತು, ಬಂದ ಬಸ್ಸಿನವರನ್ನೆಲ್ಲ ಸಂದರ್ಶನಕ್ಕೆ ಕೂರಿಸುತ್ತಿದ್ದ. ಪ್ರಶ್ನೆ ಒಂದೇ.

"ದಾರೀಲಿ ಆನೆ ಅಡ್ಡ ಬಂತು ಅಂತ ಇಟ್ಕೊ. ಬಸ್ಸು ಬುಟ್ಟು ಇಳೀಬೇಕಾಯ್ತು. ಬಾಗಿನ ಏನ್ ಮಾಡ್ತೀಯ?"

ಇದು ತಮಾಷೆಯ ಪ್ರಶ್ನೆಯಲ್ಲ. ನಮ್ಮ ದಾರಿಗಳಲ್ಲಿ ಆನೆಗಳು ಬಸ್ಸಿಗಿಂತ ಸರಿಯಾದ ಹೊತ್ತಿಗೆ ಬರುತ್ತವೆ. ಒಬ್ಬ ಕಂಡಕ್ಟರ್ ಎದೆಯುಬ್ಬಿಸಿ, "ಜೀವ ಹೋದ್ರೂ ಬಾಗಿನ ಬಿಡಕಿಲ್ಲ ರೈಟ್ರೇ" ಅಂದ. ಮಾವ ಅವನನ್ನು ಅಲ್ಲೇ ತಳ್ಳಿಹಾಕಿದ. "ಸುಳ್ಳ. ಹೋದ ವರ್ಷ ಆನೆ ಬಂದಾಗ ಹೆಂಡ್ತೀನೇ ಬುಟ್ಟು ಓಡಿದ್ದ!" ಇನ್ನೊಬ್ಬ ತಲೆ ಕೆರೆದುಕೊಂಡು, "ಬಿಸಾಕ್ಬುಟ್ಟು ಓಡ್ತೀನಿ, ಇನ್ನೇನ್ ಮಾಡ್ಲಿ" ಅಂದ. ಇವನು ಸತ್ಯವಂತ ಎಂದು ಮಾವ ಬೆನ್ನು ತಟ್ಟಿದ, ಟೀ ಕುಡಿಸಿದ, ಬಾಗಿನ ಕೊಡಲಿಲ್ಲ. ಮೂರನೆಯವನು ಬುದ್ಧಿವಂತ. "ಆನೆ ಐತೆ ಅಂತ ಫಾರೆಸ್ಟಿನೋರ ಮೆಸೇಜ್ ಮೊಬೈಲಿಗೆ ಬತ್ತದಲ್ಲ, ಬಂದ್ಮೇಲೆ ಆ ದಾರೀಲಿ ನಾನ್ಯಾಕೆ ಹೋಗ್ಲಿ?" ಮಾವನಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ನನಗೆ ಫೋನು ಮಾಡಿ ಒಪ್ಪಿಸಿದ. ಮಾರನೆಯ ದಿನ ಮತ್ತೆ ಫೋನು.

"ಬ್ಯಾಡ ಕಣವ್ವ ಅವ್ನು. ಆನೆ ದಿನಾ ಐತೆ. ಹಂಗಾದ್ರೆ ಅವ್ನು ಯಾವತ್ತೂ ಹೋಗಕಿಲ್ಲ!"

ನನಗೆ ಯಾಕೆ ಫೋನು ಎಂದರೆ, ನನ್ನ ಮನೆ ಸಕಲೇಶಪುರದಲ್ಲಿ, ಬಸ್ ಸ್ಟಾಂಡಿನ ಬೆನ್ನಿಗೇ. ಹೊಂಗಡಹಳ್ಳದ ಬಸ್ಸಿನಿಂದ ಇಳಿದ ಬಾಗಿನವನ್ನು ಕುಂದೂರಿನ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ಈ ನೌಕರಿಗೆ ನನಗೆ ಸಂದರ್ಶನ ಇರಲಿಲ್ಲ. "ನೀನು ಬುಡವ್ವ, ನಮ್ಮನೆ ಮಗಳು" ಅನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ನಾನು ಮಾತು ಬದಲಾಯಿಸುತ್ತಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ, ಹೇಳದೆ ಗತಿಯಿಲ್ಲ.

ಒಂದು ವರ್ಷ ಸಂದರ್ಶನ ಸಾಲದು, ಪ್ರಾಯೋಗಿಕ ಪರೀಕ್ಷೆಯೂ ಬೇಕು ಎಂದು ತೀರ್ಮಾನವಾಯಿತು. ಎರಡು ಹಳೆಯ ಮೊರಗಳ ನಡುವೆ ಆರು ಹಸಿ ಮೊಟ್ಟೆ ಇಟ್ಟು ಕಟ್ಟಿ, ಹಬ್ಬಕ್ಕೆ ಮೂರು ವಾರ ಮೊದಲೇ ಒಬ್ಬ ಡ್ರೈವರನ ಕೈಯಲ್ಲಿ ನನಗೆ ಕಳಿಸಿದ. ಒಳಗೆ ಏನಿದೆ ಎಂದು ಡ್ರೈವರನಿಗೆ ಹೇಳುವಂತಿಲ್ಲ. ಮಾಂಸ ಮೊಟ್ಟೆ ಮುಟ್ಟದ ನಮ್ಮ ಮನೆಗೆ ಮೊರ ತುಂಬ ಮೊಟ್ಟೆ! ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಆ ಕಡೆಯಿಂದ "ಬಾಗಿನದ ಮೊರದಲ್ಲಿ ಮೊಟ್ಟೆ ಇಟ್ಟೋನು ಈ ಭೂಮಿ ಮೇಲೆ ನಿಮ್ಮ ಮಾವ ಒಬ್ನೇ" ಎಂದು ಫೋನಿನಲ್ಲಿ ಅರಚುತ್ತಿದ್ದಳು. ಬಾಗಿಲ ಹೊರಗೇ ಕುಕ್ಕರುಗಾಲಿನಲ್ಲಿ ಕೂತು ಬಿಚ್ಚಿದೆ. ಆರೂ ಮೊಟ್ಟೆ ಒಡೆಯದೆ ಇದ್ದವು. ಸಂತೋಷದಿಂದ ವರದಿ ಒಪ್ಪಿಸಿದೆ.

"ಒಂದೂ ಒಡೀಲಿಲ್ವಾ? ಹಂಗಾದ್ರೆ ಬಸ್ಸು ಬಲು ನಿಧಾನ ಓಡಿಸ್ತಾನೆ. ಹಬ್ಬ ಮುಗಿದ ಮ್ಯಾಕೆ ತಲುಪ್ಸಾನು. ಬ್ಯಾಡ."

ಕೊನೆಗೆ ನಾನೇ ಬೇಸತ್ತು, ಪೇಟೆಯಲ್ಲಿ ಕೊರಿಯರ್ ಅಂಗಡಿ ಇದೆ, ಕಂಪ್ಯೂಟರಿನಲ್ಲಿ ಎಲ್ಲಿದೆ ಎಂದು ನೋಡಬಹುದು, ಅಲ್ಲಿ ಕೊಡೋಣ ಎಂದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಕೌಂಟರಿನ ಹುಡುಗಿ ತಲೆಯೆತ್ತದೆ ಕೇಳಿದಳು.

"ಐಟಂ ಏನು ಸರ್?"

"ಬಾಗಿನ."

"ಆ ಥರ ಲಿಸ್ಟಲ್ಲಿ ಇಲ್ಲ ಸರ್. ಗಿಫ್ಟ್ ಅಂತ ಹಾಕ್ಲಾ?"

"ಗಿಫ್ಟ್ ಯಾಕಮ್ಮಾ ಆಯ್ತದೆ? ಅದು ಅವಳ ಹಕ್ಕು. ಹಕ್ಕು ಅಂತ ಹಾಕು."

ಹುಡುಗಿ 'ಗೃಹೋಪಯೋಗಿ ವಸ್ತು' ಎಂದು ಹಾಕಿದಳು. ಬಾಗಿನವನ್ನು ತಲೆಕೆಳಗು ಮಾಡುವಂತಿಲ್ಲ, ಅದರ ಮೇಲೆ ಚಪ್ಪಲಿಯ ಡಬ್ಬ ಇಡುವಂತಿಲ್ಲ, ತಲುಪಿಸುವವನು ಅಕ್ಕನ ಕೈಗೇ ಕೊಡಬೇಕು, ಬಾಗಿಲಲ್ಲಿಟ್ಟು ಹೋಗುವಂತಿಲ್ಲ ಎಂದು ಮಾವ ಹೇಳುತ್ತಲೇ ಇದ್ದ. ಅವಳು "ಓಕೆ ಸರ್, ಓಕೆ ಸರ್" ಎನ್ನುತ್ತ ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದಳು. ಮಾರನೆಯ ದಿನ ನೋಡಿದರೆ ಬಾಗಿನ ಹಾಸನದಲ್ಲಿದೆ ಎಂದು ತೋರಿಸಿತು. ಅದರ ಮಾರನೆಯ ದಿನ ಬೆಂಗಳೂರಿನಲ್ಲಿದೆ ಎಂದಿತು!

"ಇಲ್ಲೇ ಆಲೂರು ದಾಟಿ ಕುಂದೂರಿಗೆ ಹೋಗೋ ಗೌರಿಗೆ ಬೆಂಗ್ಳೂರಲ್ಲಿ ಏನವ್ವ ಕೆಲ್ಸ?" ಎಂದು ಮಾವ ದಿನಕ್ಕೆ ನಾಲ್ಕು ಸಲ ಕೇಳಿದ. ಅವನ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತರೆ ಮಾತ್ರ. ಆ ವಾರವೆಲ್ಲ ಅವನು ಕಣದ ಮೂಲೆಯಲ್ಲೇ ಕಾಪುರ ಹೂಡಿದ್ದ ಎಂದು ಅತ್ತೆ ಹೇಳಿದಳು. ಬಾಗಿನ ಹಬ್ಬದ ಹಿಂದಿನ ಸಂಜೆ ಹೇಗೋ ಅಮ್ಮನ ಮನೆ ಸೇರಿತು. ಅದು ತಲುಪಿತು ಎಂದು ನಾನು ಹೇಳಿದಾಗ ಮಾವ ಕೇಳಿದ್ದು ಒಂದೇ: "ಕೈಗೇ ಕೊಟ್ರಾ?" ಹೂಂ ಎಂದೆ. ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿದ್ದರು. ಆ ಸುಳ್ಳು ನನಗೆ ಸಲೀಸಾಗಿ ಬಂತು, ಯಾಕೆಂದರೆ ಅದಕ್ಕಿಂತ ದೊಡ್ಡದೊಂದು ಹೇಳಿ ಅಭ್ಯಾಸವಾಗಿತ್ತು.

ಆ ದೊಡ್ಡದನ್ನು ಈಗ ಹೇಳಿಬಿಡುತ್ತೇನೆ. ಈ ಅಕ್ಕ ತಮ್ಮಂದಿರ ಮುನಿಸು ಹುಟ್ಟಿದ್ದು ನನ್ನಿಂದ. ನಮ್ಮಲ್ಲಿ ಮದುವೆಗೆ ಸೋದರಮಾವನನ್ನು ಕರೆಯುವುದೆಂದರೆ ಮನೆಗೇ ಹೋಗಿ, ಅತ್ತೆಗೆ ಕುಂಕುಮವಿಟ್ಟು, ಎಲೆ ಅಡಿಕೆಯ ಜೊತೆ ಕಾರ್ಡು ಕೊಟ್ಟು ಕರೆಯಬೇಕು. ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಅವನೇ. ಆಗ ಅಮ್ಮನಿಗೆ ವಿಪರೀತ ಮಂಡಿನೋವು. "ನೀನು ದೊಡ್ಡ ಮಗಳು, ನಾನು ಹೋದಂಗೇ ಲೆಕ್ಕ. ಹೋಗಿ ಕರೆದು ಬಾ" ಎಂದು ಕಾರ್ಡನ್ನೂ ಕುಂಕುಮವನ್ನೂ ನನ್ನ ಕೈಗೆ ಕೊಟ್ಟಳು. ನಾನು ಸಕಲೇಶಪುರಕ್ಕೆ ಬಂದೆ. ಅವತ್ತೇ ಟೈಲರ್ ನನ್ನ ರೇಷ್ಮೆ ರವಿಕೆ ತಯಾರಾಗಿದೆ ಎಂದಿದ್ದ. ಹೊಂಗಡಹಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಅಂಗಡಿ ಮುಚ್ಚುತ್ತಾನೆ. ತೋಳು ಬಿಗಿಯಿದ್ದರೆ ಬಿಚ್ಚಿಸುವುದು ಯಾವಾಗ? ಹೊರಟು ನಿಂತಿದ್ದ ಬಸ್ಸಿನ ಕಿಟಕಿಯಲ್ಲಿ ಕಾರ್ಡು ತುರುಕಿ, "ರೈಟರ್ ಮನೆಗೆ ಕೊಟ್ಬಿಡಿ" ಎಂದು ಕಂಡಕ್ಟರಿಗೆ ಹೇಳಿ ಟೈಲರ್ ಅಂಗಡಿಗೆ ಓಡಿದೆ. ಸಂಜೆ ಅಮ್ಮ ಫೋನಿನಲ್ಲಿ ಕೇಳಿದಳು. ಕರೆದು ಬಂದೆ ಎಂದೆ. "ಏನಂದ?" ಎಂದಳು. ಬರ್ತೀನಿ ಅಂದ ಎಂದೆ.

ಮಾವ ಮದುವೆಗೆ ಬರಲಿಲ್ಲ. ಮಗಳನ್ನೇ ಕಳಿಸಿ ಕರೆಸಿದರೂ ಬರದವನು ಎಂಥ ತಮ್ಮ ಎಂದು ಅಮ್ಮ ನನ್ನ ಹತ್ತಿರ ಅತ್ತಳು. ಸ್ವಂತ ತಮ್ಮನನ್ನು ಬಸ್ಸಿನವನ ಕೈಲಿ ಕರೆಸಿದವಳು ಎಂಥ ಅಕ್ಕ ಎಂದು ಮಾವ ನನ್ನ ಹತ್ತಿರ ಕೂಗಾಡಿದ. ಕಾರ್ಡನ್ನು ಯಾರು ಕೊಟ್ಟರೆಂದು ಆ ಕಂಡಕ್ಟರಿಗೆ ಗೊತ್ತಿರಲಿಲ್ಲ. ಅಮ್ಮನೇ ಬಸ್ಸಿಗೆ ಹಾಕಿಸಿದ್ದಾಳೆಂದು ಮಾವ ತಿಳಿದ. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ. ನಾಳೆ ಹೇಳಿದರಾಯಿತು, ತಂಗಿಯ ಮಗುವಿನ ನಾಮಕರಣದಲ್ಲಿ ಹೇಳಿದರಾಯಿತು, ಮುಂದಿನ ಯುಗಾದಿಗೆ ಹೇಳಿದರಾಯಿತು ಎಂದು ಒಂಬತ್ತು ವರ್ಷ ಕಳೆದೆ. ನನಗೆ ನಾಚಿಕೆಯಾಗುತ್ತದೆ. ಆ ರವಿಕೆಯ ತೋಳೇನೋ ಸರಿಯಾಗಿಯೇ ಇತ್ತು.

ನಡುವೆ ಒಂದು ವರ್ಷ ಮಾವ ಒಬ್ಬ ಡ್ರೈವರನನ್ನು ಬಹಳ ಮೆಚ್ಚಿ ಆರಿಸಿದ್ದ. ಆತನ ಗುಣ ಏನೆಂದರೆ, ಬಸ್ಸಿನಿಂದ ಇಳಿಯುವ ಮುದುಕಿಯರ ಗಂಟನ್ನು ಎಸೆಯದೆ ಕೈಗೆ ಕೊಡುತ್ತಿದ್ದ. ಆ ಪುಣ್ಯಾತ್ಮ ಬಾಗಿನ ತನ್ನ ಕಣ್ಣೆದುರೇ ಇರಲಿ ಎಂದು ಎಂಜಿನ್ನಿನ ಬಾನೆಟ್ಟಿನ ಮೇಲೆ, ದೇವರ ಪಟದ ಕೆಳಗೆ ಇಟ್ಟುಕೊಂಡ. ನಾನು ಅದನ್ನು ಕುಂದೂರಿನ ಬಸ್ಸಿಗೆ ಹತ್ತಿಸಿದೆ, ಅಲ್ಲಿಯೂ ಬಾನೆಟ್ಟಿನ ಮೇಲೇ ಪ್ರಯಾಣ. ಅಮ್ಮ ಬಿಚ್ಚುವ ಹೊತ್ತಿಗೆ ಬೆಲ್ಲ ಕರಗಿ, ಬೇಳೆಯೂ ಬಳೆಯೂ ಬಾಚಣಿಗೆಯೂ ಒಂದೇ ಮುದ್ದೆ!

"ನೋಡೇ, ತವರಿನ ಹೋಳಿಗೆಗೆ ಹೂರಣ ದಾರೀಲೇ ಆಗ್ಬುಟ್ಟೈತೆ" ಎಂದು ಅಮ್ಮ ಫೋನಿನಲ್ಲಿ ನಕ್ಕಳು. ನಕ್ಕು, ಬಳೆಗಳನ್ನು ಬಿಸಿನೀರಿನಲ್ಲಿ ತೊಳೆದು ತೊಟ್ಟುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಅವನು ಚೆನ್ನಾಗವ್ನಾ? ಬಸ್ಸಿನೋನ್ನ ಕೇಳ್ದೆ, ಅವನಿಗೆ ಏನೂ ಗೊತ್ತಿಲ್ಲ" ಅಂದಳು. ಚೆನ್ನಾಗಿದ್ದಾನೆ ಎಂದು ಹೇಳಿ ಫೋನು ಇಟ್ಟೆ. ಹೇಳಬೇಕಾದದ್ದು ಮತ್ತೆ ಉಳಿಯಿತು.

ಮಾವನ ಹುಡುಕಾಟವನ್ನು ನೋಡಿ ನೋಡಿ ಅತ್ತೆಗೂ ಸಾಕಾಗಿತ್ತು. "ಇಷ್ಟೆಲ್ಲ ಒದ್ದಾಡೋ ಬದ್ಲು ನೀವೇ ಹೋಗಿ ಕೊಟ್ಟು ಬರಬಾರ್ದಾ?" ಎಂದರೆ, "ನಾನೇನು ಕೊರಿಯರ್ರೇನೇ?" ಎಂದು ರೇಗುತ್ತಿದ್ದ. ನಾನೂ ಜೊತೆಗೂಡಿ ಹೋಗು ಮಾವ ಎನ್ನಬಹುದಿತ್ತು. ಅನ್ನಲಿಲ್ಲ. ಅವನು ಹೋದರೆ ಇಬ್ಬರೂ ಎದುರೆದುರು ಕೂರುತ್ತಾರೆ, ಕಾರ್ಡಿನ ಮಾತು ಬರುತ್ತದೆ, ನನ್ನ ಬಣ್ಣ ಬಯಲಾಗುತ್ತದೆ. ಅದಕ್ಕಿಂತ ಮೊಟ್ಟೆಯ ಕಥೆ, ಬೆಲ್ಲದ ಕಥೆ ಹೇಳಿಕೊಂಡು ನಗುವುದು ನನಗೆ ಅನುಕೂಲವಾಗಿತ್ತು.

ಕೊನೆಯ ಬಾಗಿನದ ವರ್ಷ ಹೊಂಗಡಹಳ್ಳದ ಕಡೆಯಿಂದ ಕುಂದೂರಿಗೆ ನೇರ ಬಸ್ಸೊಂದು ಶುರುವಾಯಿತು. ಸಕಲೇಶಪುರದಲ್ಲಿ ಇಳಿಸಿ ಹತ್ತಿಸುವ ಕೆಲಸವಿಲ್ಲ. ಹಬ್ಬದ ಹಿಂದಿನ ದಿನ ಸಂಜೆ ಮಾವ ನಮ್ಮ ಮನೆಗೆ ಬಂದ. ಮುಖದಲ್ಲಿ ಗೆದ್ದ ಕಳೆ.

"ಈ ಸಲ ಬಾಗಿನ ಸರಿಯಾಗಿ ತಲುಪ್ತು ಕಣವ್ವ. ಕಣ್ಣಾರೆ ನೋಡ್ದೆ."

"ಕಣ್ಣಾರೆ ಹೇಗೆ ಮಾವ?"

"ಕಂಡಕ್ಟರಿಗೆ ಕೊಟ್ಟೆ. ಆಮ್ಯಾಕೆ ಅವ್ನ ಮೇಲೆ ಅನುಮಾನ ಬಂತು. ನಾನೂ ಅದೇ ಬಸ್ಸು ಹತ್ತಿ ಹಿಂದಿನ ಸೀಟಲ್ಲಿ ಟವೆಲ್ ಮುಸುಕು ಹಾಕ್ಕೊಂಡು ಕೂತೆ. ಪೂರ್ತಿ ದಾರಿ ಮೊರದ ಮೇಲೆ ಕಣ್ಣು ಮಡಗಿದ್ದೆ. ನಿಮ್ಮವ್ವ ಸ್ಟಾಪಿಗೆ ಬಂದು ನಿಂತಿದ್ಲು. ಕೈಗೇ ಕೊಟ್ಟ. ಒಳ್ಳೆ ಹುಡ್ಗ!"

"ನೀನು ಇಳಿಯಲಿಲ್ವಾ?"

"ನಾನ್ಯಾಕೆ ಇಳೀಲಿ? ತಲುಪ್ತಾ ಇಲ್ವಾ ಅಂತ ನೋಡಕ್ಕೆ ಹೋಗಿದ್ದೋನು ನಾನು."

ಕಳಿಸಿದ ಪಾರ್ಸೆಲ್ಲಿನ ಹಿಂದೆಯೇ ಅದು ಇಳಿಯುವ ಸ್ಟಾಪಿನವರೆಗೂ ಹೋಗಿ, ತಾನು ಇಳಿಯದೆ ವಾಪಸು ಬಂದ ಇನ್ನೊಬ್ಬ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನೂ ನಕ್ಕ. ಅವನು ಹೋದ ಮೇಲೆ ಅಮ್ಮನ ಫೋನು ಬಂತು.

"ಬಸ್ಸಲ್ಲಿ ಹಿಂದಿನ ಸೀಟಲ್ಲಿ ಮುಸುಕು ಹಾಕ್ಕೊಂಡು ಕೂತಿದ್ನಲ್ಲ, ನಿಮ್ಮ ಮಾವ. ಬಹಳ ಸೊರಗವ್ನೆ ಕಣೇ."

"ನೋಡಿದ್ಯಾ? ಕರೀಬೇಕಿತ್ತಲ್ಲಮ್ಮ!"

"ಅವನೇ ಇಳೀತಾನೆ ಅಂತ ನಿಂತಿದ್ದೆ. ಬಸ್ಸು ಹೊಂಟೋಯ್ತು."

ಅಮ್ಮ ಹೇಳಿದ ಈ ಮಾತನ್ನು ನಾನು ಮಾವನಿಗೆ ಇವತ್ತಿಗೂ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ, ಕೇಳುವ ಶಕ್ತಿ ಅವನಿಗೂ ಇಲ್ಲ.

ಆ ಮಾಘದಲ್ಲಿ ಅಮ್ಮ ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಮಾವ ಬಾಡಿಗೆ ಜೀಪಿನಲ್ಲಿ ಬಂದು ತವರಿನ ಸೀರೆಯನ್ನು ತಾನೇ ಹೊದಿಸಿದ. ಆ ಸೀರೆ ತರುವುದಕ್ಕೆ ಅವನು ಯಾರನ್ನೂ ಪರೀಕ್ಷೆ ಮಾಡಿರಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, 'ಹೊರಡೋಣ' ಎಂದು ಜೀಪಿನವನಿಗೆ ಸನ್ನೆ ಮಾಡಿದ. ನಾನು ಅವನ ಹತ್ತಿರ ಹೋಗಲೇ ಇಲ್ಲ.

ಆ ವರ್ಷ ಹಬ್ಬ ಮಾಡಲಿಲ್ಲ. ಈ ಸಲ ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮಾವ ನಿಂತಿದ್ದ. ಎರಡೂ ಕೈಯಲ್ಲಿ ಬಾಗಿನದ ಮೊರ. ಬಸ್ಸಿನಲ್ಲಿ ಕೂರಲು ಜಾಗ ಸಿಗದೆ ಅಷ್ಟು ದೂರವೂ ಹಾಗೇ ಹಿಡಿದುಕೊಂಡು ನಿಂತು ಬಂದಿದ್ದನಂತೆ.

"ಇನ್ಮ್ಯಾಕೆ ಇದು ನಿಂಗೆ ಕಣವ್ವ. ತಗೋ."

ನನಗೆ ಕೈ ಚಾಚಲಾಗಲಿಲ್ಲ. ಬಾಗಿಲಲ್ಲೇ ನಿಂತು ಮದುವೆಯ ಕರೆಯ ವಿಷಯ ಎಲ್ಲ ಹೇಳಿಬಿಟ್ಟೆ. ಕಾರ್ಡು, ಟೈಲರ್, ರವಿಕೆ, ಅಮ್ಮನಿಗೆ ಹೇಳಿದ ಸುಳ್ಳು, ಅವನು ಕೂಗಾಡಿದಾಗ ತಲೆಯಾಡಿಸಿದ್ದು. ಬೈಯಲಿ, ಬಾಗಿನ ವಾಪಸು ತೆಗೆದುಕೊಂಡು ಹೋಗಲಿ ಎಂದು ಕಾದೆ. ಮಾವ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ದಾರದ ಗಂಟನ್ನು ಬೆರಳಿನಿಂದ ಸವರಿದ.

"ಕಾರ್ಡು ಬಂದಿತ್ತು ಕಣವ್ವ. ಅವತ್ತು ಸಂಜೇಗೇ ಬಂತು. ಒಂದು ಮೂಲೆನೂ ಮಡ್ಚಿರ್ಲಿಲ್ಲ. ದಿನ, ಹೊತ್ತು, ಛತ್ರ, ಎಲ್ಲಾ ಸರಿಯಾಗೇ ಬರ್ದಿತ್ತು. ಹೋಗ್ದೇ ಇದ್ದೋನು ನಾನು."

ಬಾಗಿನ ಬಿಚ್ಚಿದೆವು. ಬಳೆಗಳು ಅಮ್ಮನ ಅಳತೆಯವು. ಅಂಗಡಿಯವಳು ಕೇಳಿದಾಗ ಅವನ ಬಾಯಿಗೆ ಬಂದದ್ದು ಅದೇ ಅಳತೆಯಂತೆ. ನನ್ನ ಕೈ ಅಮ್ಮನದಕ್ಕಿಂತ ದಪ್ಪ. "ಅಯ್ಯೋ, ಬದ್ಲಾಯಿಸ್ಕೊಂಡು ಬತ್ತೀನಿ ಇರು" ಎಂದು ಮಾವ ಎದ್ದ. ಬೇಡ ಮಾವ, ಇವೇ ಇರಲಿ ಎಂದು ಕೈಗೆ ಸೋಪು ಹಚ್ಚಿಕೊಂಡು ಬಂದು ಅವನ ಮುಂದೆ ಕೂತೆ. ಅವನೇ ನನ್ನ ಬೆರಳುಗಳನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದಾಗಿ ಏರಿಸಿದ. ಕೈ ಕೆಂಪಾಯಿತು. ನೋಯ್ತಾ ಎಂದು ಕೇಳುತ್ತಿದ್ದವನ ಕಣ್ಣೇ ತುಂಬಿತ್ತು, ನನಗೂ ಎದುರಿಗಿದ್ದದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಹನ್ನೆರಡು ಬಳೆ. ಒಂದೂ ಒಡೆಯಲಿಲ್ಲ.